ನಿಮ್ಮ ಸುದ್ದಿ ಮೊದಲು ನಿಮ್ಮಿಂದಲೇ ಬರಲಿ: ನೇಮಕಾತಿ ಸಂಸ್ಥೆಗಳಿಗೆ ಸಪ್ತಾಪುರದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಸರ್ಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಎಲ್ಲ ಸಂಸ್ಥೆಗಳು,
ಬೆಂಗಳೂರು.

ಮಾನ್ಯರೇ,

ಧಾರವಾಡದ ಸಪ್ತಾಪುರದಲ್ಲಿ ನಾನೊಂದು ರೀಡಿಂಗ್ ರೂಮ್ ನಡೆಸುತ್ತೇನೆ. ಸಪ್ತಾಪುರ ಎಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಪರೀಕ್ಷೆಗಳಿಗೆ ಓದುವವರು ತುಂಬಿಕೊಂಡಿರುವ ಜಾಗ ಇದು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಶಿಕ್ಷಕರ ನೇಮಕಾತಿ, ಅಧಿಸೂಚನೆ ಬರಲಿ ಬಿಡಲಿ, ಇಲ್ಲಿ ಓದು ನಿಲ್ಲುವುದಿಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಮಕ್ಕಳು. ಹೆಚ್ಚಿನವರು ರೈತರ ಮನೆಯವರು, ಕೂಲಿ ಮಾಡುವವರ ಮನೆಯವರು. ಊರಿಂದ ಬಸ್ಸಿನಲ್ಲಿ ಬರುವ ರೊಟ್ಟಿ ಬುತ್ತಿಯ ಮೇಲೆ ದಿನ ತೆಗೆಯುವವರೂ ಇದ್ದಾರೆ. ಇವರನ್ನು ದಿನಾ ನೋಡುವವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ದೂರು ಒಂದೇ. ನಿಮ್ಮ ಸುದ್ದಿ ಈ ಮಕ್ಕಳಿಗೆ ನಿಮ್ಮಿಂದ ಸಿಗುತ್ತಿಲ್ಲ. ಪರೀಕ್ಷೆ ಯಾವತ್ತು, ಹಾಲ್ ಟಿಕೆಟ್ ಬಂತಾ, ಕೀ ಉತ್ತರ (ಸರಿ ಉತ್ತರಗಳ ಪಟ್ಟಿ) ಬಿಟ್ಟರಾ, ವಯೋಮಿತಿ ಸಡಿಲಿಕೆ ಆಯ್ತಾ, ಎಲ್ಲವೂ ಟೆಲಿಗ್ರಾಂ ಚಾನೆಲ್ಲಿನಿಂದ, ವಾಟ್ಸಾಪ್ ಗುಂಪಿನಿಂದ, ಯೂಟ್ಯೂಬ್ ವಿಡಿಯೊದಿಂದ ತಿಳಿಯುತ್ತದೆ. ನಿಮ್ಮ ವೆಬ್‌ಸೈಟ್‌ಗೆ ಅವರು ಹೋಗುವುದು ಕೊನೆಗೆ, ಕೇಳಿದ್ದು ಖರೇನಾ ಸುಳ್ಳಾ ಅಂತ ನೋಡಲು. ಅಲ್ಲಿ ಹೆಚ್ಚಿನ ಸಲ ಉತ್ತರ ಇರುವುದಿಲ್ಲ.

ಮೊದಲು ಹೀಗಿರಲಿಲ್ಲ. ಬೆಳಗ್ಗೆ ಪತ್ರಿಕೆ ಬಂದರೆ ಒಂದೊಂದು ಹಾಳೆ ಒಬ್ಬೊಬ್ಬರ ಕೈಗೆ ಹೋಗುತ್ತಿತ್ತು. ಉದ್ಯೋಗದ ಜಾಹೀರಾತು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು. ಗುರುವಾರದ ರಾಜ್ಯಪತ್ರ ಗ್ರಂಥಾಲಯಕ್ಕೆ ಬಂತಾ ಅಂತ ವಿಚಾರಿಸಿಕೊಂಡು ಬರಲು ಒಬ್ಬ ಹೋಗುತ್ತಿದ್ದ. 1950ರಿಂದ ಇಲ್ಲೇ ಇರುವ ಧಾರವಾಡ ಆಕಾಶವಾಣಿಯ ವಾರ್ತೆ ಖಾನಾವಳಿಯಲ್ಲಿ ಊಟದ ಜೊತೆ ಕಿವಿಗೆ ಬೀಳುತ್ತಿತ್ತು. ಸುದ್ದಿ ಒಂದು ದಿನ ತಡವಾಗುತ್ತಿತ್ತು, ನಿಜ. ಆದರೆ ಹೇಳಿದವರು ಯಾರು ಅಂತ ಗೊತ್ತಿರುತ್ತಿತ್ತು. ತಪ್ಪಾದರೆ ಮರುದಿನ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತಿತ್ತು. ಆ ಕಾಲ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಯಾರು ಹೇಳಿದರು ಅನ್ನುವುದು ಮಾತ್ರ ಗೊತ್ತಾಗಬೇಕು.

ಕಳೆದ ಮಳೆಗಾಲದಲ್ಲಿ ನಡೆದಿದ್ದು ಹೇಳುತ್ತೇನೆ. ರಾತ್ರಿ ಹತ್ತರ ಮೇಲಾಗಿತ್ತು. ರೋಣ ತಾಲ್ಲೂಕಿನ ಒಬ್ಬ ಹುಡುಗಿ ಮೊಬೈಲ್ ಹಿಡಿದುಕೊಂಡು ಬಂದಳು. “ಕಾಕಾ, ಎಕ್ಸಾಂ ಮುಂದಕ್ಕ ಹೋಗೇತಂತ, ಖರೇ ಏನ್ರಿ?” ತೆರೆಯ ಮೇಲೆ ಒಂದು ಪ್ರಕಟಣೆಯ ಫೋಟೊ. ಮೇಲೆ ಗಂಡಭೇರುಂಡ, ಕೆಳಗೆ ವಿಷಯ, ಉಲ್ಲೇಖ, ಕೊನೆಗೆ ಸಹಿ, ದುಂಡು ಮೊಹರು. ಎಲ್ಲವೂ ನಿಮ್ಮ ಪ್ರಕಟಣೆಗಳ ಹಾಗೇ. ಅಷ್ಟರಲ್ಲಿ ಒಳಗೆ ಓದುತ್ತಿದ್ದವರೆಲ್ಲ ಎದ್ದು ಬಂದಿದ್ದರು. ಎಲ್ಲರ ಮೊಬೈಲಿಗೂ ಅದೇ ಫೋಟೊ ಬಂದಿತ್ತು, ಬೇರೆ ಬೇರೆ ಗುಂಪುಗಳಿಂದ.

ಫೋಟೊ ದೊಡ್ಡದು ಮಾಡಿ ನೋಡಿದೆವು. ಹಾಳೆ ಸ್ಕ್ಯಾನ್ ಮಾಡುವಾಗ ಸ್ವಲ್ಪ ಓರೆಯಾಗಿತ್ತು. ಸಾಲುಗಳೆಲ್ಲ ಬಲಕ್ಕೆ ಇಳಿದಿದ್ದವು. ಹೊಸ ದಿನಾಂಕ ಇದ್ದ ಸಾಲು ಮಾತ್ರ ನೆಟ್ಟಗಿತ್ತು, ಅಕ್ಷರ ಒಂಚೂರು ಜಾಸ್ತಿ ಕಪ್ಪಾಗಿತ್ತು. ಹಳೆಯ ಪ್ರಕಟಣೆಯೊಂದನ್ನು ತೆಗೆದುಕೊಂಡು ಆ ಒಂದು ಸಾಲನ್ನು ಯಾರೋ ಬದಲಿಸಿದ್ದರು. ಆ ಸಂಸ್ಥೆಯ ವೆಬ್‌ಸೈಟ್ ತೆರೆಯಲು ಎಲ್ಲರೂ ಒಟ್ಟಿಗೆ ಪ್ರಯತ್ನಿಸಿದರು. ಸುತ್ತುತ್ತಲೇ ಇತ್ತು. ಕೊನೆಗೂ ತೆರೆದಾಗ ಹಿಂದಿನ ವಾರದ ಪ್ರಕಟಣೆಯೇ ಮೇಲಿತ್ತು. ಸಹಾಯವಾಣಿ ಕಚೇರಿ ವೇಳೆಯಲ್ಲಿ ಮಾತ್ರ. ಇದು ಸುಳ್ಳು ಅಂತ ಆ ಸಂಸ್ಥೆಯಿಂದ ಒಂದು ಸಾಲು ಬರಲು ಮರುದಿನ ಸಂಜೆಯಾಯಿತು. ಅಷ್ಟರಲ್ಲಿ ಒಬ್ಬ ಹುಡುಗ ಬ್ಯಾಗ್ ಕಟ್ಟಿಕೊಂಡು ಹಾನಗಲ್ ಬಸ್ ಹತ್ತಿಬಿಟ್ಟಿದ್ದ. ಮನೆಯಲ್ಲಿ ಹೊಲದ ಕೆಲಸ ಬಿದ್ದಿತ್ತು, ಹೇಗೂ ಪರೀಕ್ಷೆ ಮುಂದೆ ಹೋಗಿದೆಯಲ್ಲ ಅಂದುಕೊಂಡ. ವಾಪಸ್ ಬಂದ, ಪರೀಕ್ಷೆಯನ್ನೂ ಬರೆದ. ಆದರೆ ಪರೀಕ್ಷೆಗೆ ಮುಂಚಿನ ಆ ದಿನಗಳು ಅವನಿಗೆ ವಾಪಸ್ ಸಿಗಲಿಲ್ಲ. ಫೋಟೊ ಮೊದಲು ಹಾಕಿದ್ದ ಚಾನೆಲ್ ಅದನ್ನು ಬೆಳಗಾಗುವಷ್ಟರಲ್ಲಿ ಅಳಿಸಿಹಾಕಿತ್ತು. ಯಾರನ್ನು ಕೇಳಬೇಕು?

ಇದನ್ನು ಕಿಡಿಗೇಡಿಗಳ ಕೆಲಸ ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಅದು ಅಷ್ಟು ಸುಲಭ ಆಗಿದ್ದು ಯಾಕೆ ಅಂತ ನೋಡಿ. ನೀವು ಪ್ರಕಟಣೆಯನ್ನು ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ ಏರಿಸುತ್ತೀರಿ. ಅದು ಅಕ್ಷರವಲ್ಲ, ಚಿತ್ರ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಕೆಲವು ಪ್ರಕಟಣೆಗಳು ಹಳೆಯ ನುಡಿ ಫಾಂಟಿನಲ್ಲಿ ಇರುತ್ತವೆ. ಅವು ಎಲ್ಲ ಮೊಬೈಲ್, ಕಂಪ್ಯೂಟರ್ ಓದಬಲ್ಲ ಯೂನಿಕೋಡ್ ಅಕ್ಷರ ಅಲ್ಲ, ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಫೈಲಿನ ಹೆಸರು ಬರೀ ಅಂಕಿಗಳು. ಅದೇ ಹೊತ್ತಿಗೆ ಯೂಟ್ಯೂಬಿನವರು “ಪರೀಕ್ಷೆ ಮುಂದೂಡಿಕೆ, ಬಿಗ್ ಅಪ್‌ಡೇಟ್” ಅಂತ ಚೆನ್ನಾದ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟಿರುತ್ತಾರೆ. ಕನ್ನಡದಲ್ಲಿ ಹುಡುಕುವ ಮಗುವಿಗೆ ಅವರು ಸಿಗುತ್ತಾರೆ, ನೀವು ಸಿಗುವುದಿಲ್ಲ. ನಿಮ್ಮ ಅಸಲಿ ಪ್ರಕಟಣೆಯೇ ಓರೆಯಾದ, ಮಸುಕಾದ ಒಂದು ಫೋಟೊ ಆಗಿರುವಾಗ, ನಕಲಿ ಮಾಡುವವನಿಗೂ ಓರೆಯಾದ, ಮಸುಕಾದ ಒಂದು ಫೋಟೊ ಸಾಕು.

ನಮ್ಮಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದಾನೆ. ಅವನ ಮೊಬೈಲ್ ಅಕ್ಷರಗಳನ್ನು ಓದಿ ಹೇಳುತ್ತದೆ. ವಾಟ್ಸಾಪಿನ ಎಲ್ಲ ಗಾಳಿಸುದ್ದಿಯನ್ನೂ ಅದು ಸ್ಪಷ್ಟವಾಗಿ ಓದುತ್ತದೆ. ನಿಮ್ಮ ಸ್ಕ್ಯಾನ್ ಪ್ರತಿ ತೆರೆದರೆ ಏನೂ ಹೇಳುವುದಿಲ್ಲ. ಪಕ್ಕದವನನ್ನು ಕರೆದು ಓದಿಸಿಕೊಳ್ಳುತ್ತಾನೆ. ಅಂಗವಿಕಲರಿಗೆ ಮೀಸಲಾತಿ ಕೊಡುವ ಸಂಸ್ಥೆಯ ಅಧಿಸೂಚನೆಯನ್ನೇ ಅವರು ಓದಲಾಗದಿದ್ದರೆ ಹೇಗೆ ಸ್ವಾಮಿ?

ಸುಳ್ಳು ಫಾರ್ವರ್ಡ್ ತಡೆಯಲು ಕಂಪನಿಗಳು ಏನೂ ಮಾಡಿಲ್ಲ ಅಂತಲ್ಲ. ಮಕ್ಕಳ ಕಳ್ಳರ ವದಂತಿಯಿಂದ ದೇಶದಲ್ಲಿ ಕೊಲೆಗಳಾದ ಮೇಲೆ, 2018ರಲ್ಲಿ ವಾಟ್ಸಾಪ್ ಇಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಕಳಿಸಬಹುದು ಎಂದು ಮಿತಿ ಹಾಕಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಎಂದಿತು. ಎರಡು ಬಾಣದ ಗುರುತೂ ಬರುತ್ತದೆ. ಆದರೆ ಅದೇ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಹಾಕಿದರೆ ಆ ಗುರುತೂ ಇಲ್ಲ, ಒಂದೇ ಚಾಟ್ ಎಂಬ ಮಿತಿಯೂ ಇಲ್ಲ. ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನ ಇರಬಹುದು, ಚಾನೆಲ್ಲಿಗಂತೂ ಮಿತಿಯೇ ಇಲ್ಲ. ನಡೆಸುವವರು ಬೇಕಾದಾಗ ತಿದ್ದಬಹುದು, ಬೇಕಾದಾಗ ಅಳಿಸಬಹುದು. ಹಾಗಾಗಿ ಕಂಪನಿಗಳು ಎಲ್ಲ ಸರಿ ಮಾಡುತ್ತವೆ ಅಂತ ಕಾಯುತ್ತಾ ಕೂರುವ ಹಾಗಿಲ್ಲ.

ಒಂದು ಸ್ಕ್ರೀನ್‌ಶಾಟ್ ಏನು ಮಾಡಬಹುದು ಎನ್ನುವುದಕ್ಕೆ 2024ರ ಯುಜಿಸಿ ನೆಟ್, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ, ನೋಡಿ. ಜೂನ್ 18ಕ್ಕೆ ಪರೀಕ್ಷೆ ನಡೆಯಿತು. ಸುಮಾರು 9 ಲಕ್ಷ ಜನ ಬರೆದರು. ಮರುದಿನವೇ ರದ್ದಾಯಿತು. ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂದು ತೋರಿಸುತ್ತಿದ್ದ ಸ್ಕ್ರೀನ್‌ಶಾಟ್ ಟೆಲಿಗ್ರಾಂನಲ್ಲಿ ಓಡಾಡಿತ್ತು. ಅದು ತಿದ್ದಿದ್ದು ಎಂದು ಆಮೇಲೆ ಸಿಬಿಐ ತನಿಖೆಯಲ್ಲಿ ತಿಳಿದುಬಂತು. ನಮ್ಮ ರೂಮಿನಲ್ಲೂ ನೆಟ್ ಬರೆದವರಿದ್ದರು. ಅವರು ಮತ್ತೆ ಓದಿ, ಮತ್ತೆ ಬರೆದರು.

ಈಗ ಕಲಿಕೆಯ ಮಾತು. ಸುದ್ದಿಯ ಗತಿ ಏನಾಗಿದೆಯೋ ಓದಿನ ಗತಿಯೂ ಅದೇ ಆಗುತ್ತಿದೆ. ಪ್ರಚಲಿತ ಘಟನೆಗಳನ್ನು ಈಗ ಪತ್ರಿಕೆಯಲ್ಲಿ ಓದುವವರು ಕಡಿಮೆ. ರೀಲ್ಸ್, ಶಾರ್ಟ್ಸ್, ಪಿಡಿಎಫ್ ನೋಟ್ಸ್. ಬರೆದವರ ಹೆಸರಿಲ್ಲ, ಬರೆದ ದಿನಾಂಕವಿಲ್ಲ. ಒಮ್ಮೆ ನಾಲ್ಕು ಮಂದಿ ಕೂತು ಪ್ರಶ್ನೋತ್ತರ ಆಡುತ್ತಿದ್ದರು. ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು ಎಂಬ ಪ್ರಶ್ನೆ ಬಂತು. ಒಬ್ಬ ಗೋರಖ್‌ಪುರ, 1,366 ಮೀಟರ್ ಅಂದ. ಇನ್ನೊಬ್ಬಳು ಹುಬ್ಬಳ್ಳಿ, 1,505 ಅಂದಳು. ಮತ್ತೊಬ್ಬ 1,507 ಅಂದ. ಮೂವರ ಹತ್ತಿರವೂ ತೋರಿಸಲು ಒಂದೊಂದು ವಿಡಿಯೊ ಇತ್ತು. ಗೋರಖ್‌ಪುರ ಹಿಂದೆ ಸರಿಯಾಗಿತ್ತು. ಈಗ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ್ದು 1,507 ಮೀಟರ್, 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸಪ್ತಾಪುರದಿಂದ ಚಿಗರಿ ಬಸ್ ಹಿಡಿದರೆ ಹುಬ್ಬಳ್ಳಿ ಎಷ್ಟು ದೂರ? ಅಷ್ಟು ಹತ್ತಿರದಲ್ಲಿರುವ ಪ್ಲಾಟ್‌ಫಾರ್ಮಿನ ಉದ್ದವನ್ನು ಮಕ್ಕಳು ಯಾವುದೋ ಊರಿನ, ಯಾವುದೋ ವರ್ಷದ ವಿಡಿಯೊ ನೋಡಿ ಕಲಿಯುತ್ತಿದ್ದಾರೆ. ಹಳೆಯ ವಿಡಿಯೊಗೆ ಹಳೆಯದು ಅಂತ ಯಾರೂ ಚೀಟಿ ಅಂಟಿಸುವುದಿಲ್ಲ. ಹೆಚ್ಚು ಜನ ನೋಡಿದ್ದರೆ ಅದೇ ಮೇಲೆ ಬರುತ್ತದೆ.

ಮಕ್ಕಳು ಸೋಮಾರಿಗಳು ಅಂತ ದಯವಿಟ್ಟು ಅನ್ನಬೇಡಿ. ಬೆಳಗ್ಗೆ ಆರಕ್ಕೆ ಬಂದು ಕುರ್ಚಿ ಹಿಡಿಯುವವರನ್ನು ನಾನು ನೋಡುತ್ತೇನೆ. ಯಾವ ಮೂಲವನ್ನು ನಂಬಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಹೇಳಿಕೊಡಲು ನಿಮ್ಮ ಕೈಯಲ್ಲೇ ಒಂದು ದಾರಿ ಇದೆ. ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸುವಾಗ ಅಭ್ಯರ್ಥಿಯಿಂದ ಆಧಾರ ಕೇಳುತ್ತೀರಿ. ಯಾವ ಪುಸ್ತಕ, ಯಾವ ಪುಟ ಅಂತ ಕೊಡಬೇಕು. ಸರಿಯಾದ ನಿಯಮ. ಹಾಗೇ ಅಂತಿಮ ಕೀ ಉತ್ತರ ಪ್ರಕಟಿಸುವಾಗ ನೀವೂ ಆಧಾರ ಕೊಡಿ. ಎಲ್ಲ ಪ್ರಶ್ನೆಗೂ ಬೇಡ, ಆಕ್ಷೇಪಣೆ ಬಂದ ಪ್ರಶ್ನೆಗಳಿಗಾದರೂ ಕೊಡಿ. ರೈಲ್ವೆ ಇಲಾಖೆಯ ಪ್ರಕಟಣೆ, ಆರ್ಥಿಕ ಸಮೀಕ್ಷೆಯ ಇಂಥ ಅಧ್ಯಾಯ, ಪಠ್ಯಪುಸ್ತಕದ ಇಂಥ ಪಾಠ, ಇಷ್ಟು ಬರೆದರೆ ಸಾಕು. ಒಂದೇ ವರ್ಷದಲ್ಲಿ ಸಪ್ತಾಪುರದ ಓದಿನ ರೀತಿ ಬದಲಾಗುತ್ತದೆ. ಪರೀಕ್ಷೆ ಯಾವುದನ್ನು ಪ್ರಮಾಣ ಅಂತ ಒಪ್ಪುತ್ತದೋ ಮಕ್ಕಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ಬಜೆಟ್ ಬೇಡ. ನನಗೆ ಇಡೀ ಪತ್ರದಲ್ಲಿ ಅತಿ ಮುಖ್ಯ ಅನ್ನಿಸುವ ಬೇಡಿಕೆಗಳಲ್ಲಿ ಇದೂ ಒಂದು.

ಗುಂಪುಗಳನ್ನೆಲ್ಲ ಮುಚ್ಚಿಸಿ ಎಂದು ನಾನು ಹೇಳುವುದಿಲ್ಲ. ಅವುಗಳಿಂದ ಆದ ಉಪಕಾರವನ್ನೂ ಹೇಳಲೇಬೇಕು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಅಕ್ರಮದ ಬಗ್ಗೆ ಮೊದಲು ದನಿ ಎತ್ತಿದವರಲ್ಲಿ ಅಭ್ಯರ್ಥಿಗಳೇ ಮುಂದಿದ್ದರು. ಓಎಂಆರ್ ಉತ್ತರ ಹಾಳೆಯ ಪ್ರತಿ ಮೊಬೈಲಿಂದ ಮೊಬೈಲಿಗೆ ಹೋಯಿತು, ಅನುಮಾನ ಊರೆಲ್ಲಾ ಹಬ್ಬಿತು, ತನಿಖೆಯಾಯಿತು, 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆಗೆ 2024ರ ಜನವರಿ ಬರಬೇಕಾಯಿತು. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಹೇಗೆ ಕೆಟ್ಟಿತ್ತು ಎಂಬುದನ್ನು ಇಂಗ್ಲಿಷ್ ಪ್ರಶ್ನೆ, ಕನ್ನಡ ಪ್ರಶ್ನೆ ಅಕ್ಕಪಕ್ಕ ಇಟ್ಟು ಜನರಿಗೆ ತೋರಿಸಿದ್ದೂ ಇದೇ ಮಕ್ಕಳು, ಇದೇ ಮೊಬೈಲಿನಲ್ಲಿ. ಮರುಪರೀಕ್ಷೆ ಮಾಡಲು ಹೇಳಿದ್ದೇನೆ ಎಂದು ಮುಖ್ಯಮಂತ್ರಿಗಳು ತಿಳಿಸಿದ್ದೂ ಎಕ್ಸ್ ಖಾತೆಯಲ್ಲೇ. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು. ಕೋಚಿಂಗ್ ಫೀ ಕಟ್ಟಲಾಗದವರು ಯೂಟ್ಯೂಬಿನಲ್ಲಿ ಗಣಿತ ಕಲಿತು ಪಾಸಾಗಿದ್ದನ್ನೂ ನಾನು ನೋಡಿದ್ದೇನೆ. ಅಂಥ ಮೇಷ್ಟ್ರುಗಳಿಗೆ ಕೈ ಮುಗಿಯಬೇಕು.

ಹಾಗಾಗಿ ಸುಳ್ಳನ್ನು ಮುಚ್ಚಿಸುವ ಮಾತಿಗಿಂತ ನಿಮ್ಮ ಸತ್ಯ ಬೇಗ ತಲುಪುವ ಮಾತಾಡೋಣ. ಇದು ನನ್ನ ಹೊಸ ಬೇಡಿಕೆಯೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸಾರ್ವಜನಿಕ ಸಂಸ್ಥೆಗಳು ಕೇಳುವ ಮೊದಲೇ ಮಾಹಿತಿ ಕೊಡಬೇಕು. ಸ್ಥಳೀಯ ಭಾಷೆಯನ್ನೂ, ಆ ಭಾಗದಲ್ಲಿ ಜನರಿಗೆ ಚೆನ್ನಾಗಿ ತಲುಪುವ ವಿಧಾನವನ್ನೂ ಗಮನದಲ್ಲಿಟ್ಟು ಹಂಚಬೇಕು. ಇವತ್ತು ನಮ್ಮ ಭಾಗದಲ್ಲಿ ಚೆನ್ನಾಗಿ ತಲುಪುವ ವಿಧಾನ ಮೊಬೈಲ್ ತಾನೇ?

ಮೊದಲನೆಯದಾಗಿ, ಪ್ರಕಟಣೆಯನ್ನು ಅಕ್ಷರದಲ್ಲಿ ಹಾಕಿ. ಯೂನಿಕೋಡ್ ಕನ್ನಡದಲ್ಲಿ, ವೆಬ್‌ಸೈಟಿನ ಪುಟದಲ್ಲೇ, ದಿನಾಂಕ, ಸಮಯ, ಕ್ರಮ ಸಂಖ್ಯೆ ಸಮೇತ. ಸಹಿ ಇರುವ ಸ್ಕ್ಯಾನ್ ಪ್ರತಿ ಬೇಕಿದ್ದರೆ ಕೆಳಗಿರಲಿ. ಒಂದು ಕ್ರಮ ಸಂಖ್ಯೆ ಹೊಡೆದರೆ ಆ ಪ್ರಕಟಣೆ ತೆರೆಯಬೇಕು. ತೆರೆಯದಿದ್ದರೆ ಅದು ನಕಲಿ ಅಂತ ಮಗುವಿಗೂ ತಿಳಿಯಬೇಕು. ತಿದ್ದುಪಡಿ ಆದರೆ ಹಳೆಯದನ್ನು ತೆಗೆದು ಹಾಕಬೇಡಿ, ಎರಡನ್ನೂ ಇಟ್ಟು ಏನು ಬದಲಾಯಿತು ಅಂತ ಬರೆಯಿರಿ.

ಅದರ ಜೊತೆಗೇ ವಾಟ್ಸಾಪ್ ಚಾನೆಲ್ ಒಂದನ್ನು ಸಂಸ್ಥೆಯ ಹೆಸರಿನಲ್ಲಿ ನಡೆಸಿ. 2023ರಿಂದ ಆ ಸೌಲಭ್ಯ ನಮ್ಮ ದೇಶದಲ್ಲಿದೆ. ನಡೆಸುವವರು ಮಾತ್ರ ಅದರಲ್ಲಿ ಬರೆಯಬಹುದು. ಅದರ ಕೊಂಡಿ ನಿಮ್ಮ ವೆಬ್‌ಸೈಟಿನ ಮೊದಲ ಪುಟದಲ್ಲೇ ಇರಲಿ, ಇಲ್ಲದಿದ್ದರೆ ಅದಕ್ಕೂ ನಕಲಿ ಹುಟ್ಟುತ್ತದೆ. ಸುಳ್ಳು ಪ್ರಕಟಣೆ ಓಡಾಡುತ್ತಿದೆ ಎಂದು ಗೊತ್ತಾದ ಕೂಡಲೇ ಅದರ ಮೇಲೆ “ಇದು ನಮ್ಮದಲ್ಲ” ಎಂದು ಬರೆದು ಅಲ್ಲೇ ಹಾಕಿ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿ 2019ರಿಂದ ಫ್ಯಾಕ್ಟ್ ಚೆಕ್ ಅಂತ ಇಂಥದ್ದೇ ಕೆಲಸ ಮಾಡುತ್ತಿದೆ. ಪರೀಕ್ಷೆ ಹತ್ತಿರ ಬಂದ ವಾರಗಳಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬರು ಇದಕ್ಕೆಂದೇ ಇರಲಿ. ವದಂತಿ ಹಬ್ಬುವುದು ಕಚೇರಿ ಮುಚ್ಚಿದ ಮೇಲೆ.

ಸಪ್ತಾಪುರಕ್ಕೆ ಬರಲಾಗದೆ ಊರಲ್ಲೇ ಓದುವವರನ್ನೂ ನೆನಪಿಡಿ. ಹೊಲದ ಕೆಲಸ ಮುಗಿಸಿ ಓದುವ ಹುಡುಗರು, ಮದುವೆಯಾಗಿ ಮಗು ಮಲಗಿಸಿ ಓದುವ ಹೆಣ್ಣುಮಕ್ಕಳು. ಅವರಿಗೆ ಸುದ್ದಿ ಸರಿಯೋ ತಪ್ಪೋ ಅಂತ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರ್ ಇದೆ. ನಿಮ್ಮ ಪ್ರಕಟಣೆ ಹೊರಬಿದ್ದ ದಿನವೇ ಅಲ್ಲಿಗೆ ಇಮೇಲ್ ಹೋಗಲಿ, ಮುದ್ರಿಸಿ ಬೋರ್ಡಿಗೆ ಹಾಕಲಿ. ಗ್ರಂಥಪಾಲಕರಿಗೆ ಈ ಮಕ್ಕಳ ಮುಖ ಪರಿಚಯ ಇರುತ್ತದೆ. “ತಂಗಿ, ನಿನ್ನ ಹಾಲ್ ಟಿಕೆಟ್ ಬಂದೇತಿ ನೋಡು” ಅಂತ ಕರೆದು ಹೇಳುವವರು ಅವರೇ.

ಪರೀಕ್ಷೆಯ ಚಾನೆಲ್ ನಡೆಸುವ ಅಣ್ಣಂದಿರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮಲ್ಲಿ ಬಹಳ ಜನ ಇದೇ ಓಣಿಗಳಲ್ಲಿ ಓದಿದವರು. ಮೊದಲು ಹಾಕಬೇಕು ಎಂಬ ಆತುರ ಅರ್ಥವಾಗುತ್ತದೆ. ಆದರೆ ಸಂಸ್ಥೆಯ ಕೊಂಡಿ ಇಲ್ಲದೆ ಹಾಕಬೇಡಿ. ತಪ್ಪು ಹಾಕಿದ್ದು ಗೊತ್ತಾದರೆ ಸುಮ್ನೆ ಅಳಿಸಬೇಡಿ, ತಪ್ಪು ಎಂದು ಅಲ್ಲೇ ಬರೆಯಿರಿ. ಅಳಿಸಿದ ಸಂದೇಶ ನಿಮ್ಮ ಚಾನೆಲ್ಲಿನಿಂದ ಹೋಗುತ್ತದೆ, ಸ್ಕ್ರೀನ್‌ಶಾಟ್ ಬೇರೆಯವರ ಮೊಬೈಲಿನಲ್ಲಿ ಉಳಿಯುತ್ತದೆ.

ಮಾನ್ಯರೇ, ನಮ್ಮ ರೀಡಿಂಗ್ ರೂಮಿನ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇಟ್ಟಿದ್ದೇವೆ. ಸಂಸ್ಥೆಯ ವೆಬ್‌ಸೈಟಿನಲ್ಲಿ ಕಣ್ಣಾರೆ ನೋಡಿದ್ದನ್ನು ಮಾತ್ರ ಅದರ ಮೇಲೆ ಬರೆಯುತ್ತೇವೆ, ನೋಡಿದ ಸಮಯದ ಸಮೇತ. ಬೇರೆ ರೂಮಿನ ಮಕ್ಕಳೂ ಬಂದು ಓದಿ ಹೋಗುತ್ತಾರೆ. ಒಂದು ಸಣ್ಣ ಓಣಿಯಲ್ಲಿ ನಾವು ಮಾಡುವುದನ್ನು ರಾಜ್ಯಕ್ಕೆಲ್ಲ ನೀವು ಮಾಡಬಹುದು. ದಿನಾ ಸಂಜೆ ಆರಕ್ಕೆ ವೆಬ್‌ಸೈಟಿನ ಮೇಲ್ಗಡೆ ಒಂದು ಸಾಲು ಹಾಕಿ. ಹೊಸದಿದ್ದರೆ ಅದನ್ನು ಹಾಕಿ. ಏನೂ ಇಲ್ಲದಿದ್ದರೆ “ಇಂದು ಹೊಸ ಪ್ರಕಟಣೆ ಇಲ್ಲ” ಎಂದು ದಿನಾಂಕ ಸಮೇತ ಹಾಕಿ. ಆ ಮಳೆಗಾಲದ ರಾತ್ರಿ ಇಷ್ಟೇ ಒಂದು ಸಾಲು ಇದ್ದಿದ್ದರೆ ಯಾರೂ ಓದು ಬಿಟ್ಟು ಏಳುತ್ತಿರಲಿಲ್ಲ.

ಬೇರೆ ಬೇಡಿಕೆಗಳಿಗೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಈ ಒಂದು ಸಾಲನ್ನು ಮಾತ್ರ ನಿಮ್ಮ ಮುಂದಿನ ಅಧಿಸೂಚನೆ ಹೊರಡುವ ಮೊದಲೇ ಶುರು ಮಾಡಿ. ಮಾಡುತ್ತೀರೋ ಇಲ್ಲವೋ ಎಂಬುದನ್ನು ನಿಮ್ಮ ವೆಬ್‌ಸೈಟಿನಲ್ಲೇ ಕನ್ನಡದಲ್ಲಿ ತಿಳಿಸಿ. ಹಲಗೆಯ ಮೇಲೆ ಬರೆದು ಎಲ್ಲರಿಗೂ ತೋರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ರೀಡಿಂಗ್ ರೂಮ್ ನಡೆಸುವ ಒಬ್ಬ ನಾಗರಿಕ,
ಸಪ್ತಾಪುರ, ಧಾರವಾಡ